ಬೇಡವೆಂಬ ಮಾತಿನ ಬೆಲೆ

ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆ ಕನ್ನಡಿಗರ ಬಾಯಲ್ಲಿ ಬಹುಕಾಲದಿಂದ ಓಡಾಡುತ್ತಿದೆ. ತುದಿಮೊದಲು ಸಿಕ್ಕದ ತೊಡಕು ಎದುರಾದಾಗ ಜನ ಇದನ್ನು ಆಡಿ, ನಕ್ಕು, ಹಗುರಾಗುತ್ತಾರೆ. ಆದರೆ ಮನೋರೋಗ ಹೊಕ್ಕ ಮನೆಯಲ್ಲಿ ಈ ಗಾದೆ ನಗೆಯ ಮಾತಾಗಿ ಉಳಿಯುವುದಿಲ್ಲ. ಅಲ್ಲಿ ಅದರ ರೂಪವೇ ಬೇರೆ. ಔಷಧ ಸೇವಿಸದೆ ರೋಗ ಇಳಿಯದು. ರೋಗ ಇಳಿಯದೆ ತಾನು ರೋಗಿಯೆಂಬ ಅರಿವು ಮೂಡದು. ಅರಿವು ಮೂಡದವನು ಔಷಧಕ್ಕೆ ಬಾಯಿ ತೆರೆಯನು. ಜ್ವರ ಬಂದವನಿಗೆ ತನಗೆ ಜ್ವರವೆಂಬುದು ಗೊತ್ತಿರುತ್ತದೆ. ಕಾಲು ಮುರಿದವನಿಗೆ ಅದನ್ನು ಇನ್ನೊಬ್ಬರು ತಿಳಿಸಬೇಕಾಗಿಲ್ಲ. ಮನಸ್ಸಿನ ಬೇನೆಗಳಲ್ಲಿ ಕೆಲವು ಮಾತ್ರ ನೋಡುವ ಕಣ್ಣನ್ನೇ ಮೊದಲು ಹಿಡಿಯುತ್ತವೆ. ಆದುದರಿಂದಲೇ ಮಾತ್ರೆಯ ಮುಂದೆ ಕುಳಿತ ರೋಗಿ, "ನನಗೇನೂ ಆಗಿಲ್ಲ, ಇದು ಬೇಡ" ಎನ್ನುತ್ತಾನೆ.

ಈ "ಬೇಡ" ಎಂಬ ಮಾತಿನ ಬೆಲೆಯೆಷ್ಟು? ಅದನ್ನು ಆಡುತ್ತಿರುವುದು ರೋಗವೋ, ಮನುಷ್ಯನೋ? ರೋಗದ ಮಾತೆಂದು ತಳ್ಳಿಹಾಕಿ ಸೂಜಿ ಚುಚ್ಚಿಸುವ ಅಧಿಕಾರ ಯಾರದು? ವೈದ್ಯನದೆ, ಹೆತ್ತ ತಾಯಿಯದೆ, ನ್ಯಾಯಾಧೀಶನದೆ? 2003ರ ಜೂನ್ ತಿಂಗಳಿನಲ್ಲಿ, ಕೇವಲ ಹತ್ತು ದಿನಗಳ ಅಂತರದಲ್ಲಿ, ಕೆನಡ ಮತ್ತು ಅಮೆರಿಕಗಳ ಸರ್ವೋಚ್ಚ ನ್ಯಾಯಾಲಯಗಳು ಈ ಪ್ರಶ್ನೆಗೆ ಉತ್ತರ ಹೇಳಬೇಕಾಯಿತು. ಎರಡು ಕಡೆಯೂ ಒಂಬತ್ತು ಮಂದಿ ನ್ಯಾಯಮೂರ್ತಿಗಳು. ಎರಡು ಕಡೆಯೂ ಆರು ಮಂದಿಯದು ಒಂದು ಅಭಿಪ್ರಾಯ, ಮೂವರದು ಇನ್ನೊಂದು. ವಿವೇಕಿಗಳೂ ಒಮ್ಮತಕ್ಕೆ ಬಾರದಂತಹ ಪ್ರಶ್ನೆ ಇದೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಈ ವ್ಯಾಜ್ಯಗಳ ಹಿಂದಿರುವ ಔಷಧಗಳ ವಿಷಯವಾಗಿ ಒಂದೆರಡು ಮಾತು ಅವಶ್ಯ. 1952ರಲ್ಲಿ ಪ್ಯಾರಿಸ್ಸಿನ ಸೇಂತ್ ಆನ್ ಆಸ್ಪತ್ರೆಯಲ್ಲಿ ಡಿಲೇ ಮತ್ತು ಡೆನಿಕರ್ ಎಂಬ ವೈದ್ಯರು ಕ್ಲೋರ್‌ಪ್ರೊಮಜೀನ್ ಎಂಬ ಔಷಧವನ್ನು ಉನ್ಮಾದದ ರೋಗಿಗಳಿಗೆ ಕೊಟ್ಟು ನೋಡಿದರು. ಇರುಳೆಲ್ಲ ಕೂಗಾಡುತ್ತಿದ್ದವರು ಶಾಂತರಾದರು. ಕಾಣದ ದನಿಗಳಿಗೆ ಉತ್ತರ ಕೊಡುತ್ತಿದ್ದವರು ಕಂಡವರೊಡನೆ ಮಾತಾಡತೊಡಗಿದರು. ಬೀಗ ಹಾಕಿದ ಕೋಣೆಗಳಲ್ಲಿ ಆಯುಷ್ಯ ಸವೆಸಬೇಕಾಗಿದ್ದ ಅನೇಕರಿಗೆ ಆಸ್ಪತ್ರೆಯ ಬಾಗಿಲು ತೆರೆಯಿತು. ಇದು ಸಣ್ಣ ಉಪಕಾರವಲ್ಲ. ಆದರೆ ಉಪಕಾರಕ್ಕೆ ಸುಂಕವೂ ಇತ್ತು. ಕೆಲವರಿಗೆ ಕೈ ನಡುಗಿತು, ಮೈ ಮರಗಟ್ಟಿತು, ಕುಳಿತಲ್ಲಿ ಕುಳಿತಿರಲಾಗದ ಚಡಪಡಿಕೆ ಹತ್ತಿತು. ದೀರ್ಘಕಾಲ ಸೇವಿಸಿದ ಕೆಲವರಲ್ಲಿ ನಾಲಗೆ ತುಟಿಗಳು ತಾವೇ ತಾವಾಗಿ ಆಡುವ ವಿಕಾರ ತಲೆದೋರಿತು. ಔಷಧ ನಿಲ್ಲಿಸಿದ ಮೇಲೂ ಕೆಲವೊಮ್ಮೆ ಅದು ಉಳಿಯಿತು. ಮುಂದೆ ಬಂದ ಔಷಧಗಳಲ್ಲಿ ಈ ಕಾಟ ತಗ್ಗಿತಾದರೂ ಮೈ ಸ್ಥೂಲವಾಗುವುದು, ಸಕ್ಕರೆಯ ರೋಗ ಮೊದಲಾದ ಬೇರೆ ತೊಂದರೆಗಳು ಬಂದುವು. ಹೀಗಾಗಿ "ಬೇಡ" ಎನ್ನುವವನೆಲ್ಲ ಅವಿವೇಕದಿಂದಲೇ ಹಾಗೆನ್ನುತ್ತಾನೆಂದು ತೀರ್ಮಾನಿಸುವಂತಿಲ್ಲ.

ಕೆನಡದ ವ್ಯಾಜ್ಯದ ನಾಯಕ ಸ್ಟಾರ್ಸನ್. ಭೌತಶಾಸ್ತ್ರವನ್ನು ಕ್ರಮವಾಗಿ ಓದಿದವನಲ್ಲ. ಆದರೂ ಆ ಶಾಸ್ತ್ರದಲ್ಲಿ ಅಸಾಧಾರಣ ಬುದ್ಧಿಯುಳ್ಳವನು. 1991ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಭೌತಶಾಸ್ತ್ರಜ್ಞರೊಬ್ಬರೊಡನೆ ಪ್ರಬಂಧವನ್ನೂ ಪ್ರಕಟಿಸಿದ್ದನು. ಜೊತೆಗೆ 1985ರಿಂದಲೂ ಮತ್ತೆ ಮತ್ತೆ ಮಾನಸಿಕ ಆಸ್ಪತ್ರೆಗಳನ್ನು ಕಂಡವನು. 1998ರಲ್ಲಿ ಕೊಲೆಯ ಬೆದರಿಕೆ ಹಾಕಿದನೆಂಬ ಆರೋಪ ಬಂದಾಗ, ಮನೋರೋಗದ ಕಾರಣ ಆತನು ಹೊಣೆಗಾರನಲ್ಲವೆಂದು ತೀರ್ಮಾನಿಸಿ ಆಸ್ಪತ್ರೆಯ ಬಂಧನದಲ್ಲಿರಿಸಲಾಯಿತು. ವೈದ್ಯರು ಔಷಧ ಸೂಚಿಸಿದರು, ಆತನು ನಿರಾಕರಿಸಿದನು. ಹಿಂದೆ ಸೇವಿಸಿದ ಔಷಧಗಳು ತನ್ನ ಬುದ್ಧಿಯನ್ನು ಮಂದಗೊಳಿಸಿದ್ದುವು. ಚಿಂತನೆಯಿಲ್ಲದೆ ಬದುಕುವುದು ಸಾವಿಗಿಂತ ಕಡೆ ಎಂಬುದು ಆತನ ವಾದ. ತನ್ನ ಮನಸ್ಸಿನಲ್ಲಿ ತೊಂದರೆಗಳಿರುವುದನ್ನು ಆತನು ಒಪ್ಪಿಕೊಳ್ಳುತ್ತಿದ್ದನು. ಅದನ್ನು ರೋಗವೆಂದು ಕರೆಯಲು ಮಾತ್ರ ಒಪ್ಪಲಿಲ್ಲ.

ಒಂಟಾರಿಯೊ ಪ್ರಾಂತದ ಕಾನೂನಿನಲ್ಲಿ, ನಿರ್ಧರಿಸುವ ಸಾಮರ್ಥ್ಯವಿರುವ ರೋಗಿಯ ಮಾತೇ ಅಂತಿಮ. ಆತನಿಗೆ ಆ ಸಾಮರ್ಥ್ಯವಿಲ್ಲವೆಂದು ಮಂಡಲಿಯೊಂದು ಹೇಳಿತು. ವ್ಯಾಜ್ಯ ಮೆಟ್ಟಿಲು ಮೆಟ್ಟಿಲಾಗಿ ಏರಿತು. 2003ರ ಜೂನ್ 6ರಂದು ಸರ್ವೋಚ್ಚ ನ್ಯಾಯಾಲಯ ಬಹುಮತದಿಂದ ಆತನ ಪರವಾಗಿ ತೀರ್ಪಿತ್ತಿತು. ರೋಗಿಯು ವೈದ್ಯರಿಟ್ಟ ಹೆಸರನ್ನೇ ಒಪ್ಪಬೇಕಾಗಿಲ್ಲ. ತನ್ನ ಸ್ಥಿತಿಯನ್ನು ಗುರುತಿಸಿ ಪರಿಣಾಮಗಳನ್ನು ತೂಗಬಲ್ಲನೆ ಎಂಬುದಷ್ಟೆ ಮುಖ್ಯ. ಅವನಿಗೆ ಯಾವುದು ಒಳ್ಳೆಯದೆಂಬ ಪ್ರಶ್ನೆಯನ್ನು ಇದರೊಡನೆ ಬೆರೆಸಬಾರದು ಎಂದು ಅದು ವಿವರಿಸಿತು. ಭಿನ್ನಮತ ಬರೆದವರು ಮುಖ್ಯ ನ್ಯಾಯಮೂರ್ತಿ ಬೆವರ್ಲಿ ಮೆಕ್‌ಲಾಕ್ಲಿನ್. ಮಂಡಲಿಯ ನಿರ್ಣಯಕ್ಕೆ ಸಾಕಷ್ಟು ಆಧಾರವಿತ್ತೆಂಬುದೇ ಅವರ ಅಭಿಪ್ರಾಯ.

ಇತ್ತ ಅಮೆರಿಕದ ವ್ಯಾಜ್ಯದ ಸೆಲ್ ಎಂಬಾತನು ಮಿಸ್ಸೂರಿ ಸಂಸ್ಥಾನದ ಸೇಂಟ್ ಲೂಯಿಸ್ ನಗರದಲ್ಲಿ ದಂತವೈದ್ಯನಾಗಿದ್ದವನು. ಹಲ್ಲಿಗೆ ತುಂಬುವ ಚಿನ್ನವನ್ನು ಕಮ್ಯೂನಿಸ್ಟರು ಕೆಡಿಸಿದ್ದಾರೆಂದು 1982ರಲ್ಲಿ ವೈದ್ಯರ ಮುಂದೆ ಹೇಳಿದ್ದನು. 1984ರಲ್ಲಿ, ತನ್ನ ಕಚೇರಿಯ ಹೊರಗೆ ಚಿರತೆಯೊಂದು ಬಸ್ಸು ಹತ್ತುತ್ತಿದೆಯೆಂದು ಪೋಲೀಸರಿಗೆ ದೂರವಾಣಿಯಲ್ಲಿ ತಿಳಿಸಿ, ತನ್ನನ್ನು ಗುಂಡಿಟ್ಟು ಕೊಲ್ಲಬೇಕೆಂದು ಬೇಡಿಕೊಂಡನು. 1997ರಲ್ಲಿ ಆತನ ಮೇಲೆ ಬಿದ್ದುದು ಸುಳ್ಳು ಬಿಲ್ಲುಗಳ ವಂಚನೆಯ ಆರೋಪ. ಮುಂದೆ ಕೊಲೆಯ ಸಂಚಿನ ಆರೋಪವೂ ಸೇರಿತು. ವಿಚಾರಣೆಯನ್ನು ಎದುರಿಸಲು ಮನಸ್ಸು ಸ್ವಸ್ಥವಾಗಿಲ್ಲವೆಂದು ಕೆಳಗಿನ ನ್ಯಾಯಾಲಯ ಕಂಡುಕೊಂಡು ಆಸ್ಪತ್ರೆಗೆ ಕಳುಹಿಸಿತು. ಅಲ್ಲಿಯ ವೈದ್ಯರು ಕೊಟ್ಟ ಔಷಧವನ್ನು ಆತನು ಒಲ್ಲೆನೆಂದನು. ಬಲವಂತವಾಗಿ ಕೊಡಬಹುದೆಂದು 2000ದಲ್ಲಿ ಮ್ಯಾಜಿಸ್ಟ್ರೇಟರ ಆಜ್ಞೆಯಾಯಿತು. ಮೇಲಿನ ನ್ಯಾಯಾಲಯಗಳೂ ಅದಕ್ಕೆ ಸಮ್ಮತಿಸಿದುವು.

ಇಲ್ಲಿಯ ವಿಚಿತ್ರವನ್ನು ಗಮನಿಸಬೇಕು. ರೋಗಿಯನ್ನು ಗುಣಪಡಿಸುವುದು ವೈದ್ಯನ ಉದ್ದೇಶವಾದರೆ, ನ್ಯಾಯಾಲಯದ ಕಟಕಟೆಯಲ್ಲಿ ನಿಲ್ಲುವಷ್ಟು ಗುಣಪಡಿಸುವುದು ಸರಕಾರದ ಉದ್ದೇಶ. ಶಿಕ್ಷಿಸುವುದಕ್ಕಾಗಿ ಸ್ವಸ್ಥಗೊಳಿಸುವ ಈ ಕ್ರಮಕ್ಕೆ ಸರ್ವೋಚ್ಚ ನ್ಯಾಯಾಲಯ 2003ರ ಜೂನ್ 16ರಂದು ನಾಲ್ಕು ಕಟ್ಟುಗಳನ್ನು ಹಾಕಿತು. ಸರಕಾರದ ಹಿತ ನಿಜಕ್ಕೂ ಮುಖ್ಯವಾಗಿರಬೇಕು; ಔಷಧದಿಂದ ಆರೋಪಿಯು ವಿಚಾರಣೆಗೆ ತಕ್ಕವನಾಗುವ ಸಂಭವ ಬಲವಾಗಿದ್ದು, ಅದರ ದುಷ್ಪರಿಣಾಮಗಳು ವಿಚಾರಣೆಯ ನ್ಯಾಯವನ್ನು ಕೆಡಿಸುವಂತಿರಬಾರದು; ಇದಕ್ಕಿಂತ ಸೌಮ್ಯವಾದ ಮಾರ್ಗ ಇರಬಾರದು; ಕೊನೆಯದಾಗಿ, ಆ ಔಷಧ ವೈದ್ಯಕೀಯವಾಗಿ ರೋಗಿಗೆ ಹಿತವಾಗಿರಬೇಕು. ಬಲವಂತವನ್ನು ನ್ಯಾಯಾಲಯ ನಿಷೇಧಿಸಲಿಲ್ಲ, ಅಪರೂಪಗೊಳಿಸಿತು. ಸೆಲ್‌ನ ಮೇಲಿದ್ದ ಆಜ್ಞೆ ರದ್ದಾಯಿತು.

ಇಬ್ಬರೂ ಗೆದ್ದರು. ಕಥೆಯಾಗಿದ್ದರೆ ಇಲ್ಲಿಗೆ ಮುಗಿಯಬಹುದಿತ್ತು. ಆದರೆ ತೀರ್ಪಿನ ಕೊನೆಯ ಪುಟದ ನಂತರವೂ ಮನುಷ್ಯ ಬಾಳಬೇಕಷ್ಟೆ. ಸ್ಟಾರ್ಸನ್ ಗೆದ್ದುದು ಔಷಧ ಬೇಡವೆನ್ನುವ ಹಕ್ಕನ್ನು, ಬಿಡುಗಡೆಯನ್ನಲ್ಲ. ಚಿಕಿತ್ಸೆಯಿಲ್ಲದೆ ಆಸ್ಪತ್ರೆಯ ಗೋಡೆಗಳ ನಡುವೆಯೇ ಆತನ ದಿನಗಳು ಸಂದುವು. 2005ರ ವೇಳೆಗೆ ಭ್ರಮೆ ಬಲಿತು, ಅನ್ನನೀರುಗಳನ್ನು ಬಿಟ್ಟು, ಮೈ ಎಲುಬುಗೂಡಾಗಿ, ಜೀವಕ್ಕೇ ಅಪಾಯ ಬಂದಿತು. ಆಗ ಸಾಮರ್ಥ್ಯವಿಲ್ಲವೆಂಬ ನಿರ್ಣಯ ಮತ್ತೆ ಹೊರಬಿದ್ದು, ತಾಯಿ ಮಗನ ಪರವಾಗಿ ಚಿಕಿತ್ಸೆಗೆ ಒಪ್ಪಿಗೆಯಿತ್ತಳು. ಔಷಧ ಬಿದ್ದ ಮೇಲೆ ಆತನು ಉಂಡನು, ಮೈದುಂಬಿಕೊಂಡನು. ಔಷಧದ ಮೇಲಿನ ಆತನ ವಿರೋಧವಂತೂ ಕರಗಲಿಲ್ಲ. ಸೆಲ್‌ನದು ಇನ್ನೊಂದು ಬಗೆ. ಔಷಧ ಕೊಡಬೇಕೆ ಬೇಡವೆ ಎಂಬ ವಾದದಲ್ಲಿಯೇ ವರ್ಷಗಳುರುಳಿ, 2005ರಲ್ಲಿ ಒಪ್ಪಂದವಾದಾಗ ಬಂಧನದಲ್ಲಿ ಕಳೆದ ಕಾಲವೇ ಬಹುಮಟ್ಟಿಗೆ ಶಿಕ್ಷೆಯಾಗಿ ಪರಿಣಮಿಸಿತು.

ಹಾಗಾದರೆ ಕೆನಡದ ಆರು ಮಂದಿ ತಪ್ಪಿದರೆ, ಮೂವರು ಸರಿಯಾಗಿದ್ದರೆ? ಅಷ್ಟು ಸುಲಭವಾಗಿ ಹೇಳುವಂತಿಲ್ಲ. ಕೇವಲ ಹಿತದ ಹೆಸರಿನಲ್ಲಿ ಮನುಷ್ಯನ ಮಾತನ್ನು ಬದಿಗೊತ್ತಬಹುದೆಂದು ಒಮ್ಮೆ ಒಪ್ಪಿದರೆ, ಆ ಹಿತವನ್ನು ನಿರ್ಣಯಿಸುವವನ ಕೈ ಎಲ್ಲಿಯವರೆಗೆ ಚಾಚೀತೆಂದು ಹೇಳಲಾಗದು. ಮಾತಿಗೆ ಬೆಲೆಯಿದೆಯೆಂದು ಹೇಳಿ ಮನುಷ್ಯನನ್ನು ಅದರೊಡನೆ ಒಂಟಿಯಾಗಿ ಬಿಟ್ಟುಬಿಡುವುದೂ ಗೌರವವಲ್ಲ. ನ್ಯಾಯಾಲಯ ಹೌದು ಅಲ್ಲಗಳನ್ನು ಹೇಳಬಲ್ಲುದು, ಪಕ್ಕದಲ್ಲಿ ಕುಳಿತುಕೊಳ್ಳಲಾರದು. ಆ ಕೆಲಸ ಬೇರೆಯವರದು.

ಭಾರತದಲ್ಲಿ ಆ ಬೇರೆಯವರೆಂದರೆ ಬಹುಪಾಲು ಮನೆಯವರೇ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ರೋಗಿಯ ಜೊತೆಗೆ ಮನೆಯವರೊಬ್ಬರು ವಾರ್ಡಿನಲ್ಲಿ ಉಳಿದುಕೊಳ್ಳುವ ಪದ್ಧತಿ ಬಹುಕಾಲದ್ದು. ಆ ತಾಯಿ, ಆ ಅಣ್ಣ, ಆ ಹೆಂಡತಿ ಚಿಕಿತ್ಸೆಯ ಅರ್ಧ ಭಾರವನ್ನು ಹೊರುವವರು. ಇಲ್ಲಿ ಒಪ್ಪಿಗೆಯ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲು ಹತ್ತುವುದು ವಿರಳ. ಅದು ಇತ್ಯರ್ಥವಾಗುವುದು ಅಡಿಗೆಮನೆಯಲ್ಲಿ. ಮಗ ಮಾತ್ರೆಯನ್ನು ನಾಲಗೆಯಡಿಯಲ್ಲಿ ಬಚ್ಚಿಟ್ಟು ಹಿತ್ತಲಲ್ಲಿ ಉಗುಳುತ್ತಾನೆ. ಕಂಡ ತಾಯಿ ಮರುದಿನ ಮಾತ್ರೆಯನ್ನು ಅರೆದು ಸಾರಿಗೆ ಬೆರೆಸುತ್ತಾಳೆ. ಆಕೆಯನ್ನು ಹಳಿಯಲು ಯಾರಿಗೆ ಬಾಯಿ ಬಂದೀತು? ಇರುಳೆಲ್ಲ ಎದ್ದು ಕುಳಿತವಳು ಆಕೆ. ನೆರೆಯವರ ಮಾತು ಕೇಳಿದವಳು ಆಕೆ. ಆದರೆ ಒಂದು ದಿನ ಸಾರಿನ ತಳದಲ್ಲಿ ಬಿಳಿಯ ಹುಡಿ ಕಂಡೀತು. ಅನ್ನದಲ್ಲಿ ವಿಷವಿಕ್ಕುತ್ತಾರೆಂಬ ಸಂಶಯವೇ ರೋಗವಾಗಿರುವವನಿಗೆ ಅಂದು ಸಂಶಯ ನಿಜವಾಗುತ್ತದೆ. ಔಷಧದ ಜೊತೆಗೆ ತಾಯಿಯ ಕೈತುತ್ತೂ ಹೋಗುತ್ತದೆ. ಇದಕ್ಕಿಂತ ದೊಡ್ಡ ನಷ್ಟ ಯಾವುದು?

ಆರೈಕೆಯೂ ಇಲ್ಲದೆ ಒಪ್ಪಿಗೆಯೂ ಇಲ್ಲದೆ ಹೋದಾಗ ಏನಾದೀತೆಂಬುದನ್ನು ತಮಿಳುನಾಡಿನ ಏರವಾಡಿ ತೋರಿಸಿತು. 2001ರ ಆಗಸ್ಟ್ 6ರ ಬೆಳಗಿನ ಜಾವ ಅಲ್ಲಿಯ ಆಶ್ರಯಧಾಮವೊಂದಕ್ಕೆ ಬೆಂಕಿ ತಗುಲಿದಾಗ ಸರಪಳಿಗಳಲ್ಲಿ ಕಟ್ಟಿಹಾಕಲ್ಪಟ್ಟಿದ್ದ ಮನೋರೋಗಿಗಳು ಓಡಲಾರದೆ ಬೆಂದರು. 28 ಜೀವಗಳು ಹೋದುವು. ಅವರನ್ನು ಯಾರೂ ಕೇಳಿರಲಿಲ್ಲ.

ಭಾರತದ ಕಾನೂನು ಕೇಳುವುದನ್ನು ಕಲಿತುದು ನಿಧಾನವಾಗಿ. 1912ರ ಕಾಯಿದೆಯ ಹೆಸರಿನಲ್ಲೇ ಹುಚ್ಚು ಎಂಬ ಮಾತಿದ್ದಿತು. 1987ರ ಕಾಯಿದೆಯಲ್ಲಿಯೂ ಮ್ಯಾಜಿಸ್ಟ್ರೇಟರ ಆಜ್ಞೆಯಿಂದ ರೋಗಿಯನ್ನು ಆಸ್ಪತ್ರೆಗೆ ಸೇರಿಸುವ ಕ್ರಮ ಮುಂದುವರಿಯಿತು. 2017ರಲ್ಲಿ ಅಂಗೀಕೃತವಾಗಿ 2018ರಲ್ಲಿ ಜಾರಿಗೆ ಬಂದ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಬೇರೆ ದಾರಿ ಹಿಡಿದಿದೆ. ರೋಗಿಯ ಆಯ್ಕೆ ಇತರರಿಗೆ ತಪ್ಪಾಗಿ ಕಂಡಿತೆಂಬ ಮಾತ್ರಕ್ಕೆ ಅವನಿಗೆ ಸಾಮರ್ಥ್ಯವಿಲ್ಲವೆನ್ನಕೂಡದೆಂದು ಅದು ವಿಧಿಸುತ್ತದೆ. ಸರಪಳಿಯನ್ನು ನಿಷೇಧಿಸುತ್ತದೆ. ಒಪ್ಪದ ರೋಗಿಯನ್ನು ಸೇರಿಸಿಕೊಳ್ಳಲೇಬೇಕಾದಾಗ ಮೊದಲಿಗೆ ಮೂವತ್ತು ದಿನಗಳ ಮಿತಿಯನ್ನಿಟ್ಟು, ಅವನು ತಾನೇ ನಿರ್ಧರಿಸಬಲ್ಲನೆ ಎಂದು ಏಳು ದಿನಗಳಿಗೊಮ್ಮೆ ಪರೀಕ್ಷಿಸಬೇಕೆನ್ನುತ್ತದೆ. ಇಂದು ಬೇಡವೆಂದವನು ಮುಂದಿನ ವಾರ ಬೇಕೆಂದಾನು; ಇಂದು ತಿಳಿಯದವನಿಗೆ ನಾಳೆ ತಿಳಿದೀತು. ಸಾಮರ್ಥ್ಯವೆಂಬುದು ಹಣೆಯ ಬರೆಹವಲ್ಲ, ಬಂದುಹೋಗುವ ಬೆಳಕು ಎಂಬ ಅರಿವು ಈ ಏಳು ದಿನಗಳ ಲೆಕ್ಕದಲ್ಲಿದೆ.

ಈ ಕಾಯಿದೆಯಲ್ಲಿ ಗೃಹಸ್ಥರು ಅವಶ್ಯ ತಿಳಿಯಬೇಕಾದ ಇನ್ನೊಂದು ಅಂಶವಿದೆ. ವಯಸ್ಕರು ಯಾರೇ ಆಗಲಿ, ಸ್ವಸ್ಥರಾಗಿರುವಾಗಲೇ, ಮುಂದೆ ಮನೋರೋಗ ಬಂದರೆ ತಮಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ, ತಮ್ಮ ಪರವಾಗಿ ಯಾರು ಮಾತಾಡಬೇಕು ಎಂಬುದನ್ನು ಲಿಖಿತವಾಗಿ ಇಡಬಹುದು. ತುರ್ತಿನ ಚಿಕಿತ್ಸೆಗೆ ಈ ಪತ್ರ ಅಡ್ಡಬಾರದು. ವೈದ್ಯರಿಗೊ ಬಂಧುಗಳಿಗೊ ಅದು ಸರಿಕಾಣದಿದ್ದರೆ ಪುನರ್ವಿಮರ್ಶಾ ಮಂಡಲಿಯ ಮುಂದೆ ಹೋಗಬಹುದು. ಹಾಗಿದ್ದರೂ ಈ ಒಂದು ಕಾಗದ ಗಾದೆಯ ತೊಡಕನ್ನು ಬಿಡಿಸುವ ತುದಿಯೊಂದನ್ನು ಕೈಗೆ ಕೊಡುತ್ತದೆ. ರೋಗದ ನಡುವೆ ಆಡಿದ "ಬೇಡ" ಯಾರದೆಂದು ತಿಳಿಯುವುದು ಕಷ್ಟ. ರೋಗವಿಲ್ಲದ ದಿನ ಬರೆದುದು ಯಾರದೆಂಬುದರಲ್ಲಿ ಸಂದೇಹವಿಲ್ಲ.

ಮನಸ್ಸಿನ ಬೇನೆಗಳಲ್ಲಿ ಹಲವು, ಮೋಡ ಚದುರಿ ಬಿಸಿಲು ಬಂದಂತೆ, ನಡುನಡುವೆ ತಿಳಿಯಾದ ದಿನಗಳನ್ನು ಕೊಡುತ್ತವೆ. ಅಂತಹ ದಿನಗಳಲ್ಲಿ ಮನೆಯವರು ಹಳೆಯದನ್ನು ಎತ್ತಬಾರದೆಂದು ಮೌನವಾಗುವುದೇ ಹೆಚ್ಚು. ಕೇಳಿದರೆ ನೊಂದುಕೊಂಡಾನು, ಮದುವೆಯ ಮಾತುಕತೆಗೆ ಅಡ್ಡಿಯಾದೀತು, ನೆಂಟರಿಗೆ ತಿಳಿದೀತು ಎಂಬ ಅಂಜಿಕೆ ಸಹಜವೇ. ಆದರೆ ಕೇಳಬೇಕಾದುದು ಆಗಲೇ. ಯಾವ ಮಾತ್ರೆ ತಿಂದಾಗ ಕೈ ನಡುಗಿತು? ಯಾವ ವೈದ್ಯರು ಮುಖ ನೋಡಿ ಮಾತಾಡಿದರು? ನಿದ್ದೆಗೆಟ್ಟ ಎಷ್ಟನೆಯ ಇರುಳಿಗೆ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು? ಕೈ ಹಿಡಿದು ಕರೆದೊಯ್ಯುವವರು ಯಾರಾದರೆ ಒಪ್ಪಿಗೆ? ರಾತ್ರಿಯ ಊಟ ಮುಗಿದ ಮೇಲೆ, ತಟ್ಟೆಗಳನ್ನು ತೆಗೆದ ಜಾಗದಲ್ಲಿಯೇ ಕುಳಿತು, ತಂದೆಯೊಬ್ಬನು ಮಗನನ್ನು ಇಷ್ಟು ಕೇಳಿ, ಅವನು ಹೇಳಿದುದನ್ನು ಅವನ ಕೈಯಲ್ಲಿಯೇ ಬರೆಸಿಟ್ಟುಕೊಂಡರೆ, ಮುಂದೊಂದು ದಿನ ಸಾರಿಗೆ ಮಾತ್ರೆ ಬೆರೆಸುವ ಕಷ್ಟ ಆ ಮನೆಯ ತಾಯಿಗೆ ತಪ್ಪಿದರೂ ತಪ್ಪೀತು.