ಕೊನೆಯ ಕಂಬದ ಮನೆ

1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪವಾಗಿ ಬಂದಿತು. ಈ ದೊಡ್ಡ ತಂತಿಗಳ ಚರಿತ್ರೆ ಹೇಳುವವರು ಬೇಕಾದಷ್ಟು ಮಂದಿ. ಬೀದಿಯ ಮೂಲೆಯ ಟ್ರಾನ್ಸ್‌ಫಾರ್ಮರಿನಿಂದ ಹೊರಟು, ಹೊಂಗೆಮರದ ಕೊಂಬೆಗೆ ಮೈ ತಾಗಿಸಿಕೊಂಡು ಮನೆಮನೆಗೆ ಇಳಿಯುವ ತಂತಿಯ ಕಥೆ ಮಾತ್ರ ಯಾರಿಗೂ ಬೇಡ. ಹೊಳೆ ಹುಟ್ಟಿದ ಜಾಗ ಎಲ್ಲರಿಗೂ ಗೊತ್ತು. ಕಾಲುವೆಯ ಕೊನೆಯ ಗದ್ದೆಗೆ ನೀರು ಬಂತೇ ಎಂದು ಕೇಳುವವರಿಲ್ಲ.

ಎಂಜಿನಿಯರಿಂಗ್ ಕಾಲೇಜಿನ ಗೆಳೆಯರೊಬ್ಬರು ಈ ಬೀದಿತಂತಿಗಳ ಮಾದರಿಯನ್ನು ಕಂಪ್ಯೂಟರಿನಲ್ಲಿ ಕಟ್ಟುವವರು. ಕನ್ನಡ ಮೇಷ್ಟರಿಗೆ ತಿಳಿಯುವಂತೆ ಅವರು ಹೇಳಿದ್ದು ಇಷ್ಟು: 11,000 ವೋಲ್ಟಿನ ವಿದ್ಯುತ್ತು ಟ್ರಾನ್ಸ್‌ಫಾರ್ಮರಿನಲ್ಲಿ ತಗ್ಗಿ, ಮೂರು ಫೇಸುಗಳಾಗಿ ಬೀದಿಗಿಳಿಯುತ್ತದೆ. ಸಾಮಾನ್ಯ ಮನೆಗೆ ಅದರಲ್ಲಿ ಒಂದು. ಸುಮಾರು 230 ವೋಲ್ಟು. ತಂತಿ ಉದ್ದವಾದಷ್ಟೂ, ಬಳಕೆ ಹೆಚ್ಚಿದಷ್ಟೂ ವೋಲ್ಟೇಜು ಕುಸಿಯುತ್ತದೆ. ಈ ಗಣಿತ ಸುಲಭ. ಯಾವ ಮನೆ ಯಾವ ಫೇಸಿಗೆ ಸೇರಿದೆ, ಯಾವ ತಂತಿ ಎಷ್ಟು ದಪ್ಪ, ಯಾರು ಯಾವಾಗ ಸ್ವಿಚ್ಚು ಒತ್ತುತ್ತಾರೆ ಎಂಬುದು ಕಷ್ಟ.

ಹತ್ತು ಮನೆಗಳಲ್ಲಿ ತಲಾ 2 ಕಿಲೋವ್ಯಾಟಿನ ಗೀಸರ್ ಇದ್ದರೆ 20 ಎಂದು ಕೂಡಿಸುವಂತಿಲ್ಲ. ಒಬ್ಬರು ಐದಕ್ಕೆ ಏಳುತ್ತಾರೆ, ಇನ್ನೊಬ್ಬರು ಎಂಟಕ್ಕೆ. ಆದರೆ ನರಕ ಚತುರ್ದಶಿಯ ನಸುಕಿನಲ್ಲಿ ನೋಡಿ! ಬೀದಿಗೆ ಬೀದಿಯೇ ಎಣ್ಣೆ ಹಚ್ಚಿಕೊಂಡು ಕುಳಿತಿರುತ್ತದೆ. ಪಂಚಾಂಗ ತಿಳಿಯದ ಮಾದರಿ ಅಂದು ಸೋಲುತ್ತದೆ.

ಎಷ್ಟೋ ಊರುಗಳಲ್ಲಿ ಈ ವಿವರಗಳ ದಾಖಲೆ ಅರೆಬರೆ. ಇದ್ದರೂ ಹೊರಗೆ ಕೊಡುವುದು ಕಷ್ಟ. ಆದ್ದರಿಂದ ಸಂಶೋಧಕರು ಕಲ್ಪನೆಯ ಜಾಲಗಳನ್ನು ಹೆಣೆಯುತ್ತಾರೆ. ರಸ್ತೆಗಳ ನಕ್ಷೆ ಹಿಡಿದು, ಮನೆಗಳನ್ನು ಎಣಿಸಿ, ಟ್ರಾನ್ಸ್‌ಫಾರ್ಮರ್ ನೆಟ್ಟು, ತಂತಿ ಎಳೆದು, ನಿಜವಾದ ಜಾಲಗಳ ಲಕ್ಷಣದೊಡನೆ ಹೋಲಿಸಿ ನೋಡುತ್ತಾರೆ. ಐ.ಇ.ಇ.ಇ. ಎಂಬ ಎಂಜಿನಿಯರುಗಳ ಸಂಸ್ಥೆ ಪ್ರಕಟಿಸಿದ ಮಾದರಿಗಳಲ್ಲಿ 13 ಗಂಟುಗಳದೂ ಉಂಟು, 123 ಗಂಟುಗಳದೂ ಉಂಟು. 34 ಗಂಟುಗಳದಕ್ಕೆ ಅಮೆರಿಕದ ಅರಿಜೋನಾದ ನಿಜವಾದ ಲೈನೊಂದು ಆಧಾರ. ಕೇಳುತ್ತ ಕೇಳುತ್ತ ನನಗೆ ಕಾದಂಬರಿಯ ನೆನಪಾಯಿತು. ಅದರ ಶಾನುಭೋಗ ಯಾವ ಊರಿನವನೂ ಅಲ್ಲ; ಆದರೂ ಓದಿದವರೆಲ್ಲ ‘ಇವನು ನಮ್ಮೂರಿನವನೇ’ ಎನ್ನುತ್ತಾರೆ.

ಇದರಲ್ಲಿ ನನ್ನ ಸ್ವಾರ್ಥವೂ ಇದೆ. ನಮ್ಮದು ಕೊನೆಯ ಕಂಬದ ಮನೆ. ಸಂಜೆ ಏಳಕ್ಕೆ ನಮ್ಮ ಫ್ಯಾನು ಗಾಳಿ ಬೀಸುವುದಿಲ್ಲ, ಬೀಸುವ ಆಲೋಚನೆ ಮಾಡುತ್ತದೆ. ಉಬ್ಬಸದ ತಾಯಿಗೆ ಹಚ್ಚುವ ಯಂತ್ರವೂ ಆಗ ತಾನೇ ಏದುಸಿರು ಬಿಡುತ್ತದೆ. ದೂರಿಗೆ ಬಂದ ಉತ್ತರ: “ನಿಮ್ಮ ಬೀದಿಯ ಸರಾಸರಿ ಸರಿಯಾಗಿದೆ, ಸಾರ್.” ಸರಾಸರಿಯಿಂದ ಯಾರ ಉಬ್ಬಸವೂ ಇಳಿಯುವುದಿಲ್ಲ.

ಈಗ ಮಾಳಿಗೆಗಳ ಮೇಲೆ ಸೌರಫಲಕಗಳು ಬರುತ್ತಿವೆ. ಹಗಲು ಅವು ತಂತಿಗೇ ವಿದ್ಯುತ್ತು ತುಂಬಿದರೆ ಬೀದಿಯ ತುದಿಯಲ್ಲಿ ವೋಲ್ಟೇಜು ಏರಬಹುದು. ಅದೇ ತುದಿಯಲ್ಲಿ ಸಂಜೆ ಇಳಿಯಬಹುದು. ಒಂದೇ ದಿನದಲ್ಲಿ ಅತಿವೃಷ್ಟಿ, ಅನಾವೃಷ್ಟಿ! ಎಲ್ಲಿ ದಪ್ಪ ತಂತಿ ಬೇಕು, ಎಲ್ಲಿ ಹೊಸ ಟ್ರಾನ್ಸ್‌ಫಾರ್ಮರ್ ಬೇಕು ಎಂದು ಮೊದಲೇ ತಿಳಿಯಬೇಕಾದರೆ ಬೀದಿಯನ್ನು ಇದ್ದ ಹಾಗೆ ಚಿತ್ರಿಸಬಲ್ಲ ಮಾದರಿಯೇ ಬೇಕು.

ಕಾದಂಬರಿಯ ವಾಸ್ತವತೆಯನ್ನು ಅಳೆಯಲು ನಾನು ತರಗತಿಯಲ್ಲಿ ಹೇಳುವ ಉಪಾಯ ಒಂದೇ: ನಾಯಕನನ್ನು ಬಿಡಿ, ಒಂದು ಪುಟದಲ್ಲಿ ಬಂದುಹೋಗುವ ಆಳುಮಗನನ್ನು ನೋಡಿ; ಅವನಿಗೆ ಜೀವವಿದೆಯೇ? ಗೆಳೆಯರಿಗೂ ಇದನ್ನೇ ಹೇಳಿದೆ. ಅವರು ನಕ್ಕು, “ನಾವೂ ಮೊದಲು ನೋಡುವುದು ತುದಿಯ ಗಂಟನ್ನೇ” ಎಂದರು.