ಹಲಗೆಯ ಮೇಲಿನ ಹೆಸರು

ಬಿ.ಎ. ಕೊನೆಯ ವರ್ಷದ ವಿದ್ಯಾರ್ಥಿಯೊಬ್ಬ ಕಂಪ್ಯೂಟರ್ ಆಟವನ್ನು ಕುರಿತು ಬರೆಯಹೊರಟರೆ ಗುರುಗಳು ಹುಬ್ಬು ಗಂಟಿಕ್ಕಿಯಾರು. ಆದರೂ ಬರೆಯುತ್ತೇನೆ, ಈ ಕಥೆಯ ಒಂದು ತುದಿ ನಮ್ಮ ಮನೆಯಲ್ಲಿದೆ.

ನಮ್ಮೂರಿನಲ್ಲಿ ತಾತ ಒಂದು ಹಿಟ್ಟಿನ ಗಿರಣಿ ಇಟ್ಟಿದ್ದರು. ಹಲಗೆಯ ಮೇಲೆ ಅಜ್ಜಿಯ ಹೆಸರು. ನಾನು ಕಾಲೇಜು ಸೇರಿದ ವರ್ಷ ಅಪ್ಪ ಅದನ್ನು ಮಾರಿದರು; ಸಾಲ ತೀರಿ ಉಳಿದದ್ದು ನನ್ನ ಓದಿಗಾಯಿತು. ಕೊಂಡವರು ಹಲಗೆಯನ್ನು ಮಾತ್ರ ತೆಗೆಯಲಿಲ್ಲ. ಅಜ್ಜಿಯ ಹೆಸರಿಟ್ಟುಕೊಂಡು ಬೇರೆಯವರು ದುಡ್ಡೆಣಿಸುವುದು ನನಗೆ ಸಹಿಸದಾಯಿತು. ಮೂರು ವರ್ಷ ನಾನು ಆ ಬೀದಿಯನ್ನೇ ತುಳಿಯಲಿಲ್ಲ.

ಕಳೆದ ದಸರಾ ರಜೆಯಲ್ಲಿ ಗೆಳೆಯನ ಮನೆಯಲ್ಲಿ 'ಕಿಂಗ್ಸ್ ಕ್ವೆಸ್ಟ್' ಎಂಬ ಆಟ ನೋಡಿದೆ. ಮೊದಲಿಗೆ ಪರದೆಯ ಮೇಲೆ 'ಸಿಯೆರಾ' ಎಂಬ ಹೆಸರು ಮೂಡಿತು. ಯಾರಿದು ಎಂದೆ. "ಅದು ಬರೀ ಹೆಸರು ಕಣೋ" ಎಂದ. ಆ ಮಾತು ಮನಸ್ಸಿಗೆ ನಾಟಿತು, ಹುಡುಕಿ ಓದಿದೆ.

1979ರಲ್ಲಿ ಕ್ಯಾಲಿಫೋರ್ನಿಯದ ಕೆನ್ ಮತ್ತು ರೋಬರ್ಟಾ ವಿಲಿಯಮ್ಸ್ ಎಂಬ ದಂಪತಿಗಳು ಮನೆಯಲ್ಲೇ ಕಟ್ಟಿದ ಸಂಸ್ಥೆ ಅದು. 1980ರಲ್ಲಿ ಅವರ ಮೊದಲ ಆಟ 'ಮಿಸ್ಟರಿ ಹೌಸ್' ಬಂತು. ಕಥೆಯೂ ಚಿತ್ರವೂ ಹೆಂಡತಿಯವು. ಯಂತ್ರಕ್ಕೆ ಒಗ್ಗಿಸಿದವನು ಗಂಡ. ಪ್ಲಾಸ್ಟಿಕ್ ಚೀಲಗಳಲ್ಲಿ ಹಾಕಿ ಮಾರಿದರಂತೆ! 1984ರಲ್ಲಿ 'ಕಿಂಗ್ಸ್ ಕ್ವೆಸ್ಟ್' ಹೊರಟು ಹೆಸರು ಬೆಳೆಯಿತು. 1996ರಲ್ಲಿ ಸಂಸ್ಥೆಯನ್ನು ಸಿಯುಸಿ ಎಂಬ ಕಂಪನಿ ಕೊಂಡಿತು. ಅಲ್ಲಿಂದ ಅದು ಫ್ರಾನ್ಸಿನ ವಿವೆಂಡಿಗೆ ಹೋಯಿತು. 1999ರ ಫೆಬ್ರವರಿಯಲ್ಲಿ ಓಕ್‌ಹರ್ಸ್ಟ್ ಊರಿನಲ್ಲಿ ಆಟ ಕಟ್ಟುತ್ತಿದ್ದ ಅನೇಕರು ಒಂದೇ ದಿನ ಕೆಲಸ ಕಳೆದುಕೊಂಡರು. 2008ರಲ್ಲಿ ಹೆಸರು ಆಕ್ಟಿವಿಷನ್ ಕೈಸೇರಿ ಮೂಲೆಗೆ ಬಿತ್ತು. 2014ರಲ್ಲಿ ಅವರೇ ಅದನ್ನು ಧೂಳು ಕೊಡವಿ ತೆಗೆದು, ಸಣ್ಣ ತಯಾರಕರ ಆಟಗಳನ್ನು ಹೊರತರಲು ಬಳಸಿದರು. 2023ರಲ್ಲಿ ಆಕ್ಟಿವಿಷನ್ನೇ ಮೈಕ್ರೋಸಾಫ್ಟಿನ ಪಾಲಾದಾಗ ಹಲಗೆಯೂ ಜೊತೆಗೆ ಹೋಯಿತು.

ಇದನ್ನೋದಿ ನನ್ನ ಸಿಟ್ಟು ಹೆಚ್ಚಬೇಕಿತ್ತು. ಆದರೆ ನಾನು ಕಂಡ ಆಟ 2015ರದು, 'ದಿ ಆಡ್ ಜೆಂಟಲ್‌ಮೆನ್' ಎಂಬ ಹೊಸಬರು ಮಾಡಿದ್ದು. ಅದರಲ್ಲಿ ಮುಪ್ಪಿನ ರಾಜ ಗ್ರಹಾಮ್ ಮೊಮ್ಮಗಳನ್ನು ಕೂರಿಸಿಕೊಂಡು ತನ್ನ ಹಳೆಯ ಸಾಹಸಗಳನ್ನು ಹೇಳುತ್ತಾನೆ. ಹೆಸರನ್ನು ಕೊಂಡವರೂ ಅದಕ್ಕೆ ಮರ್ಯಾದೆ ಕೊಡಬಹುದೆಂದು ಆಗ ಹೊಳೆಯಿತು.

ಮರುವಾರ ರಾಗಿಯ ಚೀಲ ಹೊತ್ತು ಆ ಗಿರಣಿಗೇ ಹೋದೆ. ಹಲಗೆಗೆ ಹೊಸ ಬಣ್ಣ ಬಳಿದಿದ್ದರು. ಬಿಸಿ ಹಿಟ್ಟನ್ನು ಮನೆಗೆ ತಂದಾಗ ಅಪ್ಪ ಏನೂ ಕೇಳದೆ ಒಂದು ಚಿಟಿಕೆ ತೆಗೆದು ಬೆರಳಲ್ಲಿ ಉಜ್ಜಿ ನೋಡಿದರು.

"ನುಣ್ಣಗೇ ಬಂದಿದೆ ಕಣಪ್ಪ" ಎಂದರು.