ಕೆಂಡದ ನಿಪ್ಪಟ್ಟು

ಶ್ರೀಕೃಷ್ಣಜಯಂತಿಯ ದಿನ ಚಕ್ಕುಲಿ, ಕೋಡುಬಳೆ, ನಿಪ್ಪಟ್ಟುಗಳನ್ನು ಕರಿಯದ ವೈಷ್ಣವಗೃಹವು ಮೈಸೂರು ಸೀಮೆಯಲ್ಲಿ ದೊರೆಯುವುದು ದುರ್ಲಭ. ಬಾಲಕೃಷ್ಣನಿಗೆ ಬೆಣ್ಣೆಯು ಪ್ರಿಯವೆಂಬುದು ಪುರಾಣಪ್ರಸಿದ್ಧವಾದ ಸಂಗತಿ. ನಿಪ್ಪಟ್ಟು ಪ್ರಿಯವೆಂದು ಯಾವ ಪುರಾಣದಲ್ಲಿ ಹೇಳಿದೆಯೆಂದು ಕೇಳಿದವರೂ ಇಲ್ಲ, ಕೇಳಬೇಕಾದ ಅವಶ್ಯಕತೆಯೂ ಇಲ್ಲ. ಮನೆಯ ಯಜಮಾನನಿಗೆ ಪ್ರಿಯವಾದುದು ದೇವರಿಗೂ ಪ್ರಿಯವೆಂದು ಗೃಹಿಣಿಯರು ಎಂದೋ ತೀರ್ಮಾನಿಸಿದ್ದಾರೆ.

ನಾಗಮಂಗಲ ತಾಲ್ಲೂಕಿನ ಬಿಂಡಿಗನವಿಲೆಯು ಕೇಶವದೇವಾಲಯದ ಗರುಡನಿಂದ ಹೆಸರಾದ ಊರು. ಇಲ್ಲಿಂದ ಹೊರಟು ಮೈಸೂರು, ಬೆಂಗಳೂರುಗಳಲ್ಲಿ ನೆಲಸಿದ ಮನೆತನದವರು ಊರನ್ನು ಬಿಟ್ಟರೂ ಊರಿನ ಹೆಸರನ್ನು ಬಿಡದೆ, ತಮ್ಮ ಹೆಸರಿನ ಮೊದಲಕ್ಷರವಾಗಿ ಹೊತ್ತುಕೊಂಡು ಹೋದರು. ಊರಿನಲ್ಲಿಯೇ ಉಳಿದ ಒಂದು ಮನೆಯಲ್ಲಿ ವೃದ್ಧದಂಪತಿಗಳಿದ್ದಾರೆ. ಐವತ್ತು ವರ್ಷಗಳಿಂದ ಆ ಮನೆಯಲ್ಲಿ ನಡೆದುಬಂದ ಪದ್ಧತಿಯೊಂದುಂಟು: ನೈವೇದ್ಯವಾದ ಬಳಿಕ ಮೊದಲನೆಯ ನಿಪ್ಪಟ್ಟು ಯಜಮಾನರ ಕೈಗೆ ಬರಬೇಕು, ಅವರು ಅದನ್ನು ಕಿವಿಯ ಬಳಿ ಹಿಡಿದು ಮುರಿದು, ಸದ್ದನ್ನು ಕೇಳಿ, “ಈ ಸಲ ಹದ ಬಂದಿದೆ” ಎಂದೋ “ಹಿಟ್ಟು ಸ್ವಲ್ಪ ಹಸಿ” ಎಂದೋ ತೀರ್ಪು ಕೊಡಬೇಕು. ತೀರ್ಪು ಯಾವುದಾದರೂ ಡಬ್ಬವು ವಾರದೊಳಗೆ ಬರಿದಾಗುತ್ತಿತ್ತು.

ಹೃದಯದ ಕಾಯಿಲೆ ಬಂದು, ಕರಿದ ಪದಾರ್ಥವನ್ನು ಮುಟ್ಟಕೂಡದೆಂದು ವೈದ್ಯರು ವಿಧಿಸಿದ ವರ್ಷ ಯಜಮಾನರು ಏನನ್ನೂ ಹೇಳಲಿಲ್ಲ. ತಟ್ಟೆಯನ್ನು ಕೈಯಲ್ಲಿ ಹಿಡಿದು ನೆರೆಮನೆಯ ಮಕ್ಕಳಿಗೆಲ್ಲ ತಾವೇ ಹಂಚಿ, ಕೈ ತೊಳೆದುಕೊಂಡು ಜಗುಲಿಯ ಮೇಲೆ ಕುಳಿತರು. ಅವರ ಪತ್ನಿಯೂ ಆ ವರ್ಷ ಒಂದು ಚೂರನ್ನು ಬಾಯಿಗೆ ಹಾಕಿಕೊಳ್ಳಲಿಲ್ಲವೆಂಬುದನ್ನು ಬೆಂಗಳೂರಿನಿಂದ ಬಂದಿದ್ದ ಸೊಸೆಯೊಬ್ಬಳೇ ಗಮನಿಸಿದಳು.

ಮರುವರ್ಷ ಆಕೆ ಬಂದಾಗ ಜೊತೆಯಲ್ಲಿ ಒಂದು ವಿದ್ಯುತ್ತಿನ ಓವನ್ ಬಂದಿತು. ಅತ್ತೆಯವರಿಗೆ ಅದು ರುಚಿಸಲಿಲ್ಲ. “ಬೇಕರಿಯ ಬಿಸ್ಕತ್ತಿಗೂ ಹಬ್ಬದ ನಿಪ್ಪಟ್ಟಿಗೂ ಏನಮ್ಮ ಸಂಬಂಧ?” ಎಂದರು. ಹಾಸನದ ಕಡೆಯಿಂದ ಬಂದ ತಿರುಮಲಾಚಾರ್ಯರು 1898ರಲ್ಲಿಯೇ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಬೇಕರಿಯನ್ನು ತೆರೆದು, ಅಯ್ಯಂಗಾರರ ಹೆಸರನ್ನೂ ಬ್ರೆಡ್ಡನ್ನೂ ಒಂದೇ ಫಲಕದ ಮೇಲೆ ಕೂಡಿಸಿದ ಸಂಗತಿಯನ್ನು ಸೊಸೆಯು ಎತ್ತಬಹುದಾಗಿತ್ತು. ಎತ್ತದೆ ಸುಮ್ಮನಿದ್ದುದು ಜಾಣತನ.

ಮೊದಲನೆಯ ಸಲ ಮಾಡಿದ್ದು ಕಲ್ಲಾಯಿತು. ಕಾರಣವು ಸ್ಪಷ್ಟವಾಗಿಯೇ ಇದೆ. ಕಾದ ಎಣ್ಣೆಯು ಹಿಟ್ಟನ್ನು ಎಲ್ಲ ಕಡೆಯಿಂದಲೂ ಒಮ್ಮೆಲೇ ತಬ್ಬುತ್ತದೆ. ಒಳಗಿನ ನೀರು ಆವಿಯಾಗಿ ನೊರೆಯೆಬ್ಬಿಸುತ್ತ ಹೊರಬಿದ್ದು, ಅದು ಬಿಟ್ಟ ಎಡೆಗಳಲ್ಲಿ ಎಣ್ಣೆಯು ಸೇರಿ ಗರಿತನ ಬರುತ್ತದೆ. ಓವನ್ನಿನೊಳಗಿನ ಬಿಸಿಗಾಳಿಗೆ ಆ ಅವಸರವಿಲ್ಲ. ಬಾಣಲೆಗೆ ತಟ್ಟುವಷ್ಟೇ ದಪ್ಪನಾಗಿ, ಬರಿಯ ಅಕ್ಕಿಹಿಟ್ಟಿನಲ್ಲಿ ತಟ್ಟಿದ್ದು ಒಣಗಿ ಬಿಗಿಯಿತೇ ಹೊರತು ಗರಿಯಾಗಲಿಲ್ಲ. ಎರಡನೆಯ ಸಲ ಸೊಸೆಯು ಅಕ್ಕಿಹಿಟ್ಟಿಗೆ ಸಮನಾಗಿ ಗೋಧಿಹಿಟ್ಟನ್ನು ಬೆರೆಸಿ, ಹುರಿಗಡಲೆಯ ಪುಡಿ, ಎಳ್ಳು, ಕರಿಬೇವು, ಇಂಗು, ಮೆಣಸಿನಪುಡಿ ಹಾಕಿದಳು. ಪಾವು ಹಿಟ್ಟಿಗೆ ಎರಡು ಚಮಚ ಎಣ್ಣೆಯನ್ನು ಕಾಸಿ ಹುಯ್ದು, ನೀರು ಸೋಕಿಸುವುದಕ್ಕೆ ಮುಂಚೆ ಬೆರಳತುದಿಯಿಂದ ಹಿಟ್ಟಿಗೆಲ್ಲ ಉಜ್ಜಿದಳು. ಗರಿತನದ ಗುಟ್ಟು ಈ ಉಜ್ಜುವಿಕೆಯಲ್ಲಿದೆ. ಹಿಟ್ಟಿಗೆ ಜಿಡ್ಡು ಹತ್ತಿದರೆ ಗೋಧಿಯ ಅಂಟು ಬಲಿಯುವುದಿಲ್ಲ. ಬಳಿಕ ಹಪ್ಪಳಕ್ಕಿಂತ ತುಸು ದಪ್ಪವಾಗಿ ಲಟ್ಟಿಸಿ, ಆವಿಯು ಹೊರಹೋಗಲೆಂದು ಮೈತುಂಬ ಚುಚ್ಚಿ ಒಳಗಿಟ್ಟಳು.

ಐದು ನಿಮಿಷವಾಗಿರಬಹುದು, ಕರೆಂಟು ಹೋಯಿತು. ಶ್ರಾವಣದ ಗಾಳಿಮಳೆಗೆ ಹೋದ ಕರೆಂಟು ಯಾವಾಗ ಬರುವುದೆಂದು ಹೇಳಬಲ್ಲ ಜ್ಯೋತಿಷಿಯು ಹಳ್ಳಿಗಳಲ್ಲಿ ಇನ್ನೂ ಹುಟ್ಟಿಲ್ಲ. ಸೊಸೆಯ ಕಣ್ಣಿನಲ್ಲಿ ನೀರು ಬಂದಿತು. ಅದುವರೆಗೆ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅತ್ತೆಯವರು ಮಾತಾಡದೆ ಬಚ್ಚಲಮನೆಗೆ ಹೋಗಿ, ಹಂಡೆಯ ಒಲೆಯಿಂದ ಕೆಂಡವನ್ನು ಸೌಟಿನಲ್ಲಿ ತಂದರು. ದಪ್ಪ ಕಾವಲಿಯನ್ನು ಸಣ್ಣ ಉರಿಯ ಮೇಲಿಟ್ಟು, ಬಿಲ್ಲೆಗಳನ್ನು ಹರವಿ, ಮೇಲೊಂದು ಹಿತ್ತಾಳೆಯ ತಟ್ಟೆಯನ್ನು ಮುಚ್ಚಿ, ಆ ತಟ್ಟೆಯ ಮೇಲೆ ಕೆಂಡವನ್ನು ಸುರಿದರು. “ನಮ್ಮಜ್ಜಿ ಹೀಗೆ ಮಾಡುತ್ತಿದ್ದರು. ನಿನ್ನ ಪೆಟ್ಟಿಗೆಯೂ ಇದನ್ನೇ ತಾನೆ ಮಾಡುವುದು?” ಎಂದರು.

ಆ ಮಾತು ಶಾಸ್ತ್ರಕ್ಕೆ ಸಮ್ಮತವಾದುದೇ. ಸುಮಾರು 1508ರಲ್ಲಿ ಮೂರನೆಯ ಮಂಗರಸನು ಕನ್ನಡದಲ್ಲಿ ರಚಿಸಿದ ಸೂಪಶಾಸ್ತ್ರದಲ್ಲಿ ಹಿಟ್ಟಿನ ತಿಂಡಿಗಳಿಗೆಂದೇ ಒಂದು ಅಧ್ಯಾಯವಿದ್ದು, ಕೆಳಗೂ ಮೇಲೂ ಕೆಂಡದ ಕಾವು ಕೊಟ್ಟು ಬೇಯಿಸುವ ಮುಚ್ಚಳರೊಟ್ಟಿಯು ಅಲ್ಲಿ ಬರುತ್ತದೆ. ಬೇಕರಿಯ ವಿದ್ಯೆಯೆಲ್ಲ ಹೊರಗಿನದೆಂದು ತಿಳಿದವರು ಆ ಅಧ್ಯಾಯವನ್ನೊಮ್ಮೆ ನೋಡುವುದು ಒಳ್ಳೆಯದು.

ಕೆಂಡದ ಬಿಲ್ಲೆಗಳು ಅಂಚಿನಲ್ಲಿ ತುಸು ಕಂದಿದ್ದವು. ಆರುವವರೆಗೆ ಮುಟ್ಟಬೇಡಿರೆಂದು ಸೊಸೆ, ಹೊತ್ತಾಯಿತೆಂದು ಅತ್ತೆ. ಹೀಗೆ ಸ್ವಲ್ಪ ಚರ್ಚೆ ನಡೆಯಿತು. ದೇವರ ಮುಂದೆ ಕರಿದದ್ದರ ಪಕ್ಕದಲ್ಲಿಯೇ ಇದನ್ನೂ ಇಟ್ಟದ್ದು ಅತ್ತೆಯವರೇ. ನೈವೇದ್ಯವಾದ ಮೇಲೆ ಒಂದು ಬಿಲ್ಲೆಯನ್ನು ಜಗುಲಿಗೆ ಒಯ್ದುಕೊಟ್ಟರು. ಯಜಮಾನರು ಅದನ್ನು ಕಿವಿಯ ಬಳಿ ಹಿಡಿದು ಮುರಿದರು. “ಉಪ್ಪು ಕಡಿಮೆ,” ಎಂದರು.

“ವೈದ್ಯರು ಹೇಳಿದ್ದಾರೆ, ಮಾವ,” ಎಂದಳು ಸೊಸೆ.

ಅವರು ಅಗಿದು ಮುಗಿಸಿ ಮತ್ತೆ ಕೈ ನೀಡಿದರು. ಪತ್ನಿಯು ಇನ್ನೊಂದನ್ನು ಮುರಿದು ಅರ್ಧವನ್ನು ಅವರ ಕೈಗಿಟ್ಟು, ಉಳಿದರ್ಧವನ್ನು ತಾವು ಬಾಯಿಗೆ ಹಾಕಿಕೊಂಡು, ಡಬ್ಬದ ಮುಚ್ಚಳವನ್ನು ಹಾಕಿದರು.